ಹಾಳೆ ಮೇಲಿನ ಎಲ್ಲ ತೂತನ್ನೂ ಎಣಿಸಿ: ರೈಫಲ್, ತೋಟಾ, ಗುರಿ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ತಿಂಗಳು ಟಾರ್ಗೆಟ್ ರೈಫಲ್ ಬಗ್ಗೆ ಬರೆದ್ಮೇಲೆ ತುಂಬಾ ಪ್ರಶ್ನೆ ಬಂದಿವೆ, ಅಮೆರಿಕದಲ್ಲಿರೋ ಕನ್ನಡದವರಿಂದ ಹಿಡಿದು ಸೋಮವಾರಪೇಟೆ, ಮೈಸೂರಿನವರೆಗೂ. ನಾನು ಕೊಡಗಲ್ಲಿ ಕೋವಿ ನೋಡ್ಕೊಂಡೇ ಬೆಳೆದವನು, ಈಗ 20 ವರ್ಷದಿಂದ ಪೆನ್ಸಿಲ್ವೇನಿಯಾದಲ್ಲಿದೀನಿ, ಹಾಗಾಗಿ ನನ್ನ ಮಾತಲ್ಲಿ ಎರಡೂ ಕಡೆ ಪದ ಬರ್ತವೆ. ಬ್ಯಾರಲ್ ಅಂದ್ರೆ ನಳಿಗೆ, ಪೌಡರ್ ಅಂದ್ರೆ ಮದ್ದು, ಪ್ರೈಮರ್ ಅಂದ್ರೆ ನಮ್ಮೂರ ಕೇಪು, ಒಂದು ಸಲ ಹೊಡೆದ್ರೆ ಒಂದು ಈಡು, ಒಂದೇ ಗುರಿಗೆ ಹೊಡೆದ ಈಡುಗಳ ತೂತೆಲ್ಲ ಹರಡಿರೋ ಅಗಲ ಗ್ರೂಪ್. .22, .223 ಅನ್ನೋವು ತೋಟಾದ ಹೆಸರು, ಗುಂಡಿನ ದಪ್ಪ ಇಂಚಲ್ಲಿ ಸುಮಾರು ಅಷ್ಟು; ಗ್ರೇನ್ ಅನ್ನೋದು ಗುಂಡು, ಮದ್ದು ತೂಗೋ ಅಳತೆ. ಇಷ್ಟು ಗೊತ್ತಿದ್ರೆ ಮುಂದಿನದು ಅರ್ಥ ಆಗುತ್ತೆ.

ಪ್ರಶ್ನೆ: ಹೊಸದಾಗಿ .223 ತಗೊಂಡೆ ಸಾರ್, 100 ಗಜಕ್ಕೆ ಅರ್ಧ ಇಂಚಿನ ಗ್ರೂಪ್ ಬರ್ತಿದೆ, ಫೋಟೋ ಕಳಿಸಿದೀನಿ ನೋಡಿ. ಆದ್ರೆ ಪಕ್ಕದ ಡೈರಿ ಫಾರ್ಮಲ್ಲಿ ಗ್ರೌಂಡ್‌ಹಾಗ್ (ಬಿಲ ತೋಡೋ ದಪ್ಪ ಅಳಿಲಿನಂಥ ಪ್ರಾಣಿ) 200 ಗಜದಲ್ಲಿ ಕೂತಿದ್ರೆ ಮೂರಕ್ಕೆ ಎರಡು ಸಲ ತಪ್ಪುತ್ತೆ. ರೈಫಲ್ ಬದಲಾಯಿಸ್ಬೇಕಾ? (ಓದುಗರು, ಲ್ಯಾಂಕಾಸ್ಟರ್, ಪೆನ್ಸಿಲ್ವೇನಿಯಾ)

ಉತ್ತರ: ಬೇಡ, ರೈಫಲ್ ಚೆನ್ನಾಗೇ ಇದೆ. ನಿಮ್ಮ ಫೋಟೋನ ದೊಡ್ಡದು ಮಾಡಿ ನೋಡಿದೆ. ಮಧ್ಯದಲ್ಲಿ ಮೂರು ತೂತು ಒಂದಕ್ಕೊಂದು ತಾಗ್ಕೊಂಡಿವೆ, ಸರಿ, ಆದ್ರೆ ಎಡಗಡೆ ಅಂಚಲ್ಲಿ ಇನ್ನೊಂದು ತೂತಿದೆ, ಅದರ ಪಕ್ಕ ನೀವೇ ಪೆನ್ಸಿಲಲ್ಲಿ "ಲೆಕ್ಕಕ್ಕಿಲ್ಲ" ಅಂತ ಬರೆದಿದೀರಿ. ನಿಮಗೆ ಗ್ರೌಂಡ್‌ಹಾಗ್ ತಪ್ಪಿಸ್ತಿರೋದು ಅದೇ ತೂತು. ಮೂರು ಈಡಿನ ಗ್ರೂಪ್ ನೋಡೋಕೆ ಚಂದ, ಅದು ಹೇಳೋದು ಮಾತ್ರ ಬಹಳ ಕಮ್ಮಿ. ಒಂದು ರೈಫಲ್ ಮೂರು ಈಡಿಗೆ ಸರಾಸರಿ ಅರ್ಧ ಇಂಚು ಹೊಡೀತಿದ್ರೆ ಅದೇ ರೈಫಲ್, ಅದೇ ತೋಟಾ, ಅದೇ ಮನುಷ್ಯ 10 ಈಡು ಹೊಡೆದಾಗ ಸರಾಸರಿ ಸುಮಾರು 0.8 ಇಂಚು ಬರುತ್ತೆ, ಏನೂ ಕೆಟ್ಟಿರೋದಿಲ್ಲ, ಬರೀ ಲೆಕ್ಕ ಅಷ್ಟೆ, ಈಡು ಜಾಸ್ತಿ ಆದಷ್ಟೂ ಅಂಚಿಗೆ ಹೋಗೋದಕ್ಕೆ ಅವಕಾಶ ಜಾಸ್ತಿ. ಅದೂ ಹತ್ತು ಗ್ರೂಪ್ ಹೊಡೆದು ಅದರಲ್ಲಿ ಒಳ್ಳೇ ಒಂದನ್ನ ಮಾತ್ರ ಫೋಟೋ ತೆಗೆದಿದ್ರೆ ಅದು ಸರಾಸರಿನೂ ಅಲ್ಲ.

ಇನ್ನೊಂದು ಗಾಳಿ. ರೇಂಜಲ್ಲಿ ಎರಡೂ ಕಡೆ ಮಣ್ಣಿನ ದಿಬ್ಬ ಇರುತ್ತೆ, ಹುಲ್ಲುಗಾವಲಲ್ಲಿ ಏನೂ ಇರಲ್ಲ. ಗಂಟೆಗೆ 10 ಮೈಲಿ ಅಡ್ಡಗಾಳಿ ಬೀಸಿದ್ರೆ .223ರ 55 ಗ್ರೇನ್ ಗುಂಡು 200 ಗಜಕ್ಕೆ ಹೋಗೋಷ್ಟರಲ್ಲಿ ಸುಮಾರು 4 ಇಂಚು ಪಕ್ಕಕ್ಕೆ ಸರಿದಿರುತ್ತೆ. ನೆಟ್ಟಗೆ ಎದ್ದು ಕೂತ ಗ್ರೌಂಡ್‌ಹಾಗಿನ ಮೈ ಅಗಲ ಒಂದು ಗೇಣೂ ಇಲ್ಲ, ನಡು ಮಧ್ಯಕ್ಕೆ ಇಟ್ಟು ಹೊಡೆದ್ರೂ ಅಂಚಿಗೆ ಹೋಗಿಬಿಡುತ್ತೆ. ಆದ್ರಿಂದ ಮುಂದಿನ ಶನಿವಾರ 200 ಗಜಕ್ಕೆ ಹಾಳೆ ಕಟ್ಟಿ 10 ಈಡು ಹೊಡೀರಿ, ಹತ್ತನ್ನೂ ಎಣಿಸಿ, ಆ ಹಾಳೆ ಮೇಲೆ ಆ ವೃತ್ತ ಎಷ್ಟು ದೊಡ್ಡದೋ ಅದೇ ನಿಮ್ಮ ರೈಫಲ್ಲು. ಆ ವೃತ್ತ ಪ್ರಾಣಿ ಮೈಗಿಂತ ದೊಡ್ಡದಾಗೋ ದೂರದಲ್ಲಿ ಹೊಡೀಬೇಡಿ, ಹತ್ತಿರ ಹೋಗಿ.

ಪ್ರಶ್ನೆ: ನಿಮಗೆ ಇಷ್ಟವಾದ ರೈಫಲ್ ಯಾವುದು? ಒಂದೇ ಇಟ್ಕೋಬೇಕು ಅಂದ್ರೆ? (ಓದುಗರು, ಡೆಟ್ರಾಯ್ಟ್)

ಉತ್ತರ: ಒಂದೇ ಅಂದ್ರೆ .22 ಆನ್‌ಶುಟ್ಸ್, ಅದರ ಹಳೇ ಮ್ಯಾಚ್ 54 ಆಕ್ಷನ್ (ಬೋಲ್ಟ್ ಕೂರೋ ಮುಖ್ಯ ಭಾಗ) ಇರೋದು. ಜರ್ಮನಿಯ ತ್ಸೆಲ್ಲಾ-ಮೇಲಿಸಲ್ಲಿ 1856ರಲ್ಲಿ ಶುರುವಾದ ಮನೆತನದ ಕಂಪನಿ, ಎರಡನೇ ಮಹಾಯುದ್ಧ ಆದ್ಮೇಲೆ ಉಲ್ಮ್‌ಗೆ ಬಂತು. ಬೋಲ್ಟ್ ಮುಚ್ಚಿದಾಗ ಆಗೋ ಆ ಮೆತ್ತಗಿನ ಸದ್ದು, ಟ್ರಿಗರ್ ಮೇಲೆ ಬೆರಳಿಟ್ಟ ಕೂಡ್ಲೇ ಗೊತ್ತಾಗೋ ಆ ಮೊದಲ ತಡೆ, ಅದಾದ್ಮೇಲೆ ಗಾಜಿನ ಕಡ್ಡಿ ಮುರಿದ ಹಾಗೆ ಬಿಡೋದು, ಇದನ್ನ ಬರೆದು ತಿಳಿಸೋಕಾಗಲ್ಲ, ಸಿಕ್ಕಿದ್ರೆ ಒಂದ್ಸಲ ಹಿಡಿದು ನೋಡಿ. ಅದರ ತೋಟಾ ಮನೇಲಿ ತುಂಬೋ ಹಾಗಿಲ್ಲ, ಕೇಪಿನ ಮದ್ದು ತಳದ ಅಂಚಲ್ಲೇ ಇರುತ್ತೆ, ಹಾಗಾಗಿ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ನಂಬರ್) ನೋಡಿ ಬೇರೆ ಬೇರೆ ತಂದು ಹೊಡೆದು, ಯಾವುದು ಒಗ್ಗುತ್ತೋ ಅದನ್ನ ಒಟ್ಟಿಗೆ ಕೊಳ್ಳೋದು. ಲಾಪುವಾ, ಎಲೀ ತರದ ಕಂಪನಿಗಳು ಶೂಟರ್‌ಗಳ ರೈಫಲನ್ನ ಕ್ಲ್ಯಾಂಪಿಗೆ ಕಟ್ಟಿ ಲಾಟ್ ಮೇಲೆ ಲಾಟ್ ಹೊಡೆದು ತೋರಿಸೋ ಟೆಸ್ಟ್ ರೇಂಜನ್ನೇ ಇಟ್ಕೊಂಡಿವೆ. ಒಂದೇ ಹೆಸರು, ಒಂದೇ ಬೆಲೆ, ಒಂದೇ ಡಬ್ಬಿ, ಆದ್ರೂ ಒಂದು ಲಾಟ್ ನಿಮ್ಮ ನಳಿಗೆಗೆ ಹೊಂದುತ್ತೆ, ಇನ್ನೊಂದು ಹೊಂದಲ್ಲ.

ಹೊಲಕ್ಕೆ ಅಂದ್ರೆ ದಪ್ಪ ನಳಿಗೆಯ .223 ಬೋಲ್ಟ್ ರೈಫಲ್. ವೇಗ ಬೇಕು ಅನ್ನೋರಿಗೆ .220 ಸ್ವಿಫ್ಟ್ ಇದೆ, 1935ರಲ್ಲಿ ವಿಂಚೆಸ್ಟರ್ ತಂದಿದ್ದು, 48 ಗ್ರೇನ್ ಗುಂಡು ಸೆಕೆಂಡಿಗೆ 4110 ಅಡಿ ಅಂತ ಆಗ ಹೇಳ್ಕೊಂಡಿದ್ರು, ಆದ್ರೆ ಅಷ್ಟು ಮದ್ದು ಅಷ್ಟು ಸಣ್ಣ ತೂತಲ್ಲಿ ಉರಿದ್ರೆ ನಳಿಗೆ ಗಂಟಲು (ಗುಂಡು ನಳಿಗೆಗೆ ನುಗ್ಗೋ ಬಾಯಿ) ಬೇಗ ಸವೆಯುತ್ತೆ. .22-250 ಬಹಳ ವರ್ಷ ಗನ್‌ಸ್ಮಿತ್‌ಗಳು ತಾವೇ ಮಾಡ್ಕೊಳ್ತಿದ್ದ ತೋಟಾ, ರೆಮಿಂಗ್ಟನ್ 1965ರಲ್ಲಿ ಅದನ್ನ ಫ್ಯಾಕ್ಟರಿಗೆ ತಂತು, ಬಯಲು ಸೀಮೆಗೆ ಒಳ್ಳೇದು. ನನ್ನ ಮನಸ್ಸಿಗೆ ಹತ್ತಿರ ಇರೋದು ಮಾತ್ರ ಹಳೇ .222 ರೆಮಿಂಗ್ಟನ್. ಮೈಕ್ ವಾಕರ್ ಅನ್ನೋ ರೆಮಿಂಗ್ಟನ್ ಇಂಜಿನಿಯರ್ ಮಾಡಿದ್ದು, 1950ರಲ್ಲಿ ಬಂತು, ಬೆಂಚ್‌ರೆಸ್ಟ್ ಪಂದ್ಯಗಳಲ್ಲಿ, ಅಂದ್ರೆ ರೈಫಲನ್ನ ಮೇಜಿನ ಮೇಲೆ ಆನಿಸಿ ಸಣ್ಣ ಗ್ರೂಪ್ ಹೊಡೆಯೋ ಪಂದ್ಯಗಳಲ್ಲಿ, ವರ್ಷಗಟ್ಟಲೆ ಅದರದ್ದೇ ರಾಜ್ಯಭಾರ. 70ರ ದಶಕದ ಮಧ್ಯದಲ್ಲಿ ಡಾಕ್ಟರ್ ಲೂ ಪಾಲ್ಮಿಸಾನೋ ಮತ್ತು ಫೆರಿಸ್ ಪಿಂಡೆಲ್ ಸೇರಿ 6 ಎಂಎಂ ಪಿಪಿಸಿ ಅನ್ನೋ ಗಿಡ್ಡ, ದಪ್ಪ ತೋಟಾ ಮಾಡಿದ್ರು, ಅದು ಬಂದ್ಮೇಲೆ .222 ಹಿಂದೆ ಬಿತ್ತು. ಆದ್ರೂ ಮೆತ್ತಗೆ ಒದೆಯುತ್ತೆ, ಮದ್ದು ಕಮ್ಮಿ ಸಾಕು, ಕೈ ಸ್ವಲ್ಪ ತಪ್ಪಿದ್ರೂ ಸಹಿಸ್ಕೊಳ್ಳುತ್ತೆ, ಹೊಸದಾಗಿ ಕಲಿಯೋರಿಗೆ ಇಂಥದ್ದೇ ಬೇಕು.

ಪ್ರಶ್ನೆ: ತೋಟಾ ಮನೇಲೇ ತುಂಬೋಕೆ ಶುರು ಮಾಡಿದೀನಿ, ಯೂಟ್ಯೂಬ್ ನೋಡಿ ಸಾಮಾನು ತಂದೆ. ನೂರೆಂಟು ಸಲಹೆ, ಯಾವುದರಿಂದ ನಿಜವಾಗ್ಲೂ ಗುರಿ ಸುಧಾರಿಸುತ್ತೆ, ಯಾವುದು ಸುಮ್ಮನೆ? (ಓದುಗರು, ಬೊಯಿಸಿ, ಐಡಾಹೋ)

ಉತ್ತರ: ಇದಕ್ಕೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಎಲ್ಲರೂ ಕೇಳಿರೋದು ಇದನ್ನೇ.

ತೋಟಾ ಅಂದ್ರೆ ನಾಲ್ಕೇ ವಸ್ತು, ಹಿತ್ತಾಳೆ ಕೇಸು, ಕೇಪು, ಮದ್ದು, ಗುಂಡು. ಫ್ಯಾಕ್ಟರಿ ತೋಟಾ ಎಲ್ಲ ರೈಫಲಿಗೂ ಹೋಗ್ಬೇಕು, ನೀವು ತುಂಬೋದು ನಿಮ್ಮ ಒಂದು ರೈಫಲಿಗೆ ಮಾತ್ರ, ಲಾಭ ಇರೋದು ಅಲ್ಲೇ. ಮೊದಲನೇದು ಗುಂಡು. ಒಳ್ಳೇ ಮ್ಯಾಚ್ ಗುಂಡು (ಪಂದ್ಯಕ್ಕೆ ಅಂತಲೇ ಮಾಡಿದ್ದು) ಹಾಕಿದ್ರೆ ಅರ್ಧ ಕೆಲಸ ಮುಗೀತು, ಕೆಟ್ಟ ಗುಂಡಿಗೆ ಎಷ್ಟು ಪೂಜೆ ಮಾಡಿದ್ರೂ ಅಷ್ಟೇ. ಆಮೇಲೆ ಕೇಸು, ಒಂದೇ ಕಂಪನಿ ಒಂದೇ ಲಾಟು, ಎಷ್ಟು ಸಲ ತುಂಬಿದೀರಿ ಅಂತ ಡಬ್ಬಿ ಮೇಲೆ ಬರೆದಿಡಿ. ಪ್ರತಿ ಸಲ ಹೊಡೆದಾಗ ಗುಂಡು ಹಿಡ್ಕೊಳ್ಳೋ ಹಿತ್ತಾಳೆ ಕುತ್ತಿಗೆ ಗಟ್ಟಿ ಆಗ್ತಾ ಹೋಗುತ್ತೆ, ಗಟ್ಟಿ ಆದದ್ದು ಗುಂಡನ್ನ ಒಂದೊಂದು ಸಲ ಒಂದೊಂದು ಥರ ಹಿಡಿಯುತ್ತೆ, ಅದಕ್ಕೇ ಕೆಲವರು ಕಾಯಿಸಿ ಮೆದು ಮಾಡೋದು. ಉದ್ದವೂ ಬೆಳೆಯುತ್ತೆ. .223 ಕೇಸಿನ ಗರಿಷ್ಠ ಉದ್ದ 1.760 ಇಂಚು, ಅದು ದಾಟಿದ್ರೆ 1.750ಕ್ಕೆ ಕತ್ತರಿಸ್ಬೇಕು, ಇದು ಗುರಿಗಿಂತ ಹೆಚ್ಚಾಗಿ ಸೇಫ್ಟಿ ವಿಷಯ, ಉದ್ದ ಆದ ಕುತ್ತಿಗೆ ಗುಂಡನ್ನ ಬಿಗಿ ಹಿಡಿದ್ರೆ ಒತ್ತಡ ಏರಿಬಿಡುತ್ತೆ. ಹೊಡೆದಾಗ ಹಿಗ್ಗಿದ ಕೇಸನ್ನ ಅಚ್ಚಿಗೆ ಹಾಕಿ ಪೂರ್ತಿ ಸೈಜ್ ಮಾಡೋದಾ ಕುತ್ತಿಗೆ ಮಾತ್ರವಾ ಅಂತ ಜಗಳ ಆಡೋರಿದಾರೆ, ನಾನು ಪೂರ್ತಿ ಮಾಡ್ತೀನಿ, ಕುತ್ತಿಗೆ ಕೆಳಗಿನ ಭುಜವನ್ನ ಕೂದಲೆಳೆಯಷ್ಟು ಹಿಂದೆ ತಳ್ತೀನಿ, ಬೋಲ್ಟ್ ಪ್ರತಿ ಸಲವೂ ಒಂದೇ ಥರ ಮುಚ್ಚಬೇಕು, ನನಗೆ ಬೇಕಾಗಿರೋದು ಅಷ್ಟೇ.

ಇನ್ನು ಮದ್ದು. ಗ್ರೇನ್ ಅಂದ್ರೆ ಎಷ್ಟು ಅಂತ ಸುಮಾರು ಜನಕ್ಕೆ ಅಂದಾಜಿರಲ್ಲ, ಒಂದು ಪೌಂಡಿಗೆ 7000 ಗ್ರೇನ್. ನಮ್ಮ ಅಕ್ಕಸಾಲಿಗರು ಚಿನ್ನ ತೂಗ್ತಿದ್ದ ಗುಲಗಂಜಿ ಇದ್ಯಲ್ಲ, ಒಂದು ಗುಲಗಂಜಿ ಹತ್ತಿರ ಹತ್ತಿರ 2 ಗ್ರೇನ್. ನಾವು ಒದ್ದಾಡೋದು ಗ್ರೇನಿನ ಹತ್ತನೇ ಒಂದು ಭಾಗಕ್ಕೆ. ರಾತ್ರಿ ಬೇಸ್‌ಮೆಂಟಲ್ಲಿ ಕೂತು ಟ್ರಿಕ್ಲರ್ ತಿರುಗಿಸ್ತಾ ಇದ್ರೆ ಮದ್ದಿನ ಕಡ್ಡಿ ಒಂದೊಂದಾಗಿ ತಟ್ಟೆಗೆ ಬೀಳುತ್ತೆ, ಸಣ್ಣ ಕಪ್ಪು ಸಾಸಿವೆ ಉದ್ದ ಮಾಡಿದ ಹಾಗೆ, ತಕ್ಕಡಿ ಮುಳ್ಳು ನಿಧಾನಕ್ಕೆ ಏರಿ ಗೆರೆ ಮೇಲೆ ನಿಲ್ಲುತ್ತೆ, ಒಂದು ಕಡ್ಡಿ ಜಾಸ್ತಿ ಬಿದ್ರೆ ಚಿಮಟದಲ್ಲಿ ತೆಗೀತೀನಿ. ಇದು ನನಗೆ ಬಹಳ ಖುಷಿ ಕೊಡೋ ಕೆಲಸ. ಆದ್ರೆ ನಿಜ ಹೇಳ್ಬೇಕು ಅಂದ್ರೆ 200 ಗಜದವರೆಗೆ ಇಷ್ಟು ಬೇಕಿಲ್ಲ. .223 ಗುಂಡಿನ ವೇಗ ಸೆಕೆಂಡಿಗೆ 30 ಅಡಿ ಆಚೀಚೆ ಆದ್ರೂ 200 ಗಜದಲ್ಲಿ ಕಾಲು ಇಂಚೂ ವ್ಯತ್ಯಾಸ ಬರಲ್ಲ. 1000 ಗಜ ಹೊಡೆಯೋರಿಗೆ, ಉದಾಹರಣೆಗೆ ನಮ್ಮ ವಿಲಿಯಮ್ಸ್‌ಪೋರ್ಟ್ ಹತ್ತಿರ 1967ರಲ್ಲಿ ಶುರುವಾದ ಬೆಂಚ್‌ರೆಸ್ಟ್ ಕ್ಲಬ್ ಇದೆ, ಅಲ್ಲಿ ಹೊಡೆಯೋರಿಗೆ, ಅಷ್ಟೇ ವ್ಯತ್ಯಾಸ ಗೇಣುದ್ದ ಮೇಲೆ ಕೆಳಗೆ ತೋರಿಸುತ್ತೆ, ಅವರು ಕಡ್ಡಿ ಎಣಿಸ್ಲೇಬೇಕು.

ಗುಂಡನ್ನ ಎಷ್ಟು ಒಳಗೆ ಕೂರಿಸ್ಬೇಕು ಅನ್ನೋದು ಮಾತ್ರ ಹತ್ತಿರದಲ್ಲೂ ತೋರುತ್ತೆ. ಗುಂಡು ಕೇಸು ಬಿಟ್ಟು ನಳಿಗೆ ಒಳಗಿನ ಸುರುಳಿ ಗೆರೆಗಳಿಗೆ ತಾಗೋ ಮೊದಲು ಎಷ್ಟು ದೂರ ಹಾರ್ಬೇಕು ಅಂತ. ಒಂದೊಂದು ಗುಂಡು ಒಂದೊಂದು ದೂರ ಕೇಳುತ್ತೆ. ಗುಂಡಿನ ತುದಿಯಿಂದ ಅಳೀಬೇಡಿ, ತುದಿ ಒಂದರ ಹಾಗೆ ಒಂದಿರಲ್ಲ, ಗುಂಡು ದಪ್ಪ ಆಗ್ತಾ ಬರೋ ಜಾಗಕ್ಕೆ ತಾಗೋ ಗೇಜ್ ಹಾಕಿ ಅಳೀರಿ. ಮತ್ತೆ ಒಂದು ಸಲಕ್ಕೆ ಒಂದೇ ಬದಲಾವಣೆ. ಮದ್ದೂ ಬದಲಾಯ್ಸಿ, ಆಳವೂ ಬದಲಾಯ್ಸಿ, ಕೇಪಿನ ಕಂಪನಿನೂ ಬದಲಾಯ್ಸಿದ್ರೆ ಯಾವುದರಿಂದ ಏನಾಯ್ತು ಅಂತ ಯಾರಿಗೂ ಗೊತ್ತಾಗಲ್ಲ.

ಎಷ್ಟು ಗ್ರೇನ್ ಹಾಕ್ಬೇಕು ಅಂತ ನಾನು ಇಲ್ಲಿ ಬರೆಯಲ್ಲ, ಬೇರೆ ಯಾರಾದ್ರೂ ಬರೆದಿದ್ರೆ ಅದನ್ನೂ ನಂಬ್ಬೇಡಿ. ಮದ್ದಿನ ಕಂಪನಿ, ಗುಂಡಿನ ಕಂಪನಿ ಮ್ಯಾನ್ಯುವಲ್ ಪ್ರಿಂಟ್ ಮಾಡ್ತಾರೆ, ಅದರಲ್ಲಿರೋ ಕನಿಷ್ಠದಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪ ಏರಿಸಿ. ಬೋಲ್ಟ್ ಎತ್ತೋಕೆ ಬಿಗಿ ಆದ್ರೆ, ಕೇಪು ಅಂಚಿಲ್ಲದೆ ಚಪ್ಪಟೆ ಆದ್ರೆ, ಕೇಸಿನ ತಳದಲ್ಲಿ ಹೊಳೆಯೋ ಗುರುತು ಬಿದ್ರೆ ನಿಲ್ಸಿ, ಪುಸ್ತಕದ ಗರಿಷ್ಠ ಇನ್ನೂ ಬಂದಿಲ್ಲ ಅಂದ್ರೂ ನಿಲ್ಸಿ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ. ಒಂದ್ಸಲ ನನಗೆ ಡಿಜಿಟಲ್ ತಕ್ಕಡಿ ಮೋಸ ಮಾಡಿತ್ತು, ಹೀಟರಿನ ಗಾಳಿ ಸೀದಾ ಅದರ ಮೇಲೆ ಬೀಸ್ತಿತ್ತು, ಅಂಕಿ ನಿಧಾನಕ್ಕೆ ಜಾರ್ತಾ ಹೋಗಿದೆ, ನನಗೆ ಗೊತ್ತಿಲ್ಲ. ನಲವತ್ತು ತೋಟಾ ತುಂಬಿದ್ಮೇಲೆ ಚೆಕ್ ವೆಯಿಟ್ (ತೂಕ ಗೊತ್ತಿರೋ ಬಟ್ಟು) ಇಟ್ಟು ನೋಡಿದ್ರೆ ಅರ್ಧ ಗ್ರೇನ್ ತಪ್ಪು. ನಲವತ್ತನ್ನೂ ಬಿಚ್ಚಿ ಹಾಕಿದೆ, ಒಂದೊಂದಾಗಿ, ರಾತ್ರಿ ಒಂದು ಗಂಟೆವರೆಗೆ. ಅವತ್ತಿಂದ ಪ್ರತಿ ಹತ್ತು ತೋಟಾಕ್ಕೆ ಒಂದ್ಸಲ ಚೆಕ್ ವೆಯಿಟ್ ಇಡ್ತೀನಿ.

ಪ್ರಶ್ನೆ: ಅಂಗಡಿಯವರು ಭಾರದ ಗುಂಡು ಗಾಳಿಗೆ ಕಮ್ಮಿ ಸರಿಯುತ್ತೆ ಅಂತ 75 ಗ್ರೇನ್ ಕೊಟ್ರು. ನನ್ನ ಹಳೇ .223ರಲ್ಲಿ ಹೊಡೆದ್ರೆ ಹಾಳೆ ಮೇಲೆ ಗುಂಡಗಿನ ತೂತೇ ಬರ್ತಿಲ್ಲ, ಉದ್ದುದ್ದಕ್ಕೆ ಹರಿದಿದೆ. (ಓದುಗರು, ಟೆಕ್ಸಸ್)

ಉತ್ತರ: ಗುಂಡು ಅಡ್ಡಡ್ಡ ಹೋಗಿ ಬಡೀತಿದೆ. ಬುಗುರಿ ಸಾಕಷ್ಟು ಜೋರಾಗಿ ತಿರುಗದೇ ಇದ್ರೆ ತೂರಾಡಿ ಬೀಳಲ್ವಾ, ಹಾಗೇ. ನಿಮ್ಮ ನಳಿಗೆ 12 ಇಂಚಿಗೆ ಒಂದು ಸುತ್ತು ತಿರುಗಿಸೋದು ಇರ್ಬೇಕು, ಅದು 55 ಗ್ರೇನಿಗೆ ಸರಿ, ಉದ್ದನೆಯ 75 ಗ್ರೇನಿಗೆ ಸಾಮಾನ್ಯವಾಗಿ 8 ಇಂಚಿಗೆ ಒಂದು ಸುತ್ತು ಬೇಕು. ಲೆಕ್ಕಕ್ಕೆ ಬರೋದು ಉದ್ದ, ತೂಕ ಅಲ್ಲ, ಗ್ರೀನ್‌ಹಿಲ್ ಅನ್ನೋ ಇಂಗ್ಲಿಷ್ ಗಣಿತಜ್ಞ 1879ರಲ್ಲೇ ಇದಕ್ಕೆ ಸೂತ್ರ ಕೊಟ್ಟಿದ್ದ. ಕ್ಲೀನಿಂಗ್ ರಾಡಿಗೆ ಬಿಗಿಯಾಗಿ ಬಟ್ಟೆ ಸುತ್ತಿ, ರಾಡ್ ಮೇಲೆ ಗುರುತು ಹಾಕಿ ನಳಿಗೆ ಒಳಗೆ ತಳ್ಳಿ, ಗುರುತು ಒಂದು ಸುತ್ತು ಬರೋಕೆ ಎಷ್ಟು ಇಂಚು ಒಳಗೆ ಹೋಯ್ತು ಅಂತ ಅಳೀರಿ. ಆ 75 ಗ್ರೇನ್ ಡಬ್ಬಿನ ವಾಪಸ್ ಕೊಟ್ಬಿಡಿ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದೀನಿ. ಫ್ರೆಂಡ್ ಜೊತೆ ರೇಂಜಿಗೆ ಹೋಗಿ ಬಾಡಿಗೆ ರೈಫಲ್ ಹೊಡೀಬಹುದಾ? (ಓದುಗರು, ಸಿಯಾಟಲ್)

ಉತ್ತರ: ತಡೀರಿ. ಅಮೆರಿಕದ ಫೆಡರಲ್ ಕಾನೂನಲ್ಲಿ ಎಚ್-1ಬಿ ತರದ ನಾನ್-ಇಮಿಗ್ರೆಂಟ್ ವೀಸಾದವರು ಬಂದೂಕು ಅಷ್ಟೇ ಅಲ್ಲ, ತೋಟಾನೂ ಇಟ್ಕೊಳ್ಳೋ ಹಾಗಿಲ್ಲ. ವಿನಾಯಿತಿಗಳಿವೆ, ಮುಖ್ಯವಾದದ್ದು ಯಾವುದಾದ್ರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಹಂಟಿಂಗ್ ಲೈಸೆನ್ಸ್ ಕೈಯಲ್ಲಿರೋದು. ಬಾಡಿಗೆಗೆ ಹಿಡಿದ್ರೂ ಅದು ಇಟ್ಕೊಂಡ ಲೆಕ್ಕವೇ. ಹಂಟರ್ ಸೇಫ್ಟಿ ಕೋರ್ಸ್ ಮಾಡಿ ಲೈಸೆನ್ಸ್ ತಗೊಂಡು, ನಿಮ್ಮ ರಾಜ್ಯದ ನಿಯಮವನ್ನ ವಕೀಲರ ಹತ್ರ ಒಂದ್ಸಲ ಕೇಳಿ, ಆಮೇಲೆ ಹೋಗಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಇನ್ನೊಂದು ಮಾತು, ರೇಂಜಿಗೆ ಒಯ್ದ ಬ್ಯಾಗನ್ನ ಊರಿಗೆ ಹೋಗೋಕೆ ಯಾವತ್ತೂ ಬಳಸ್ಬೇಡಿ. ಬ್ಯಾಗಿನ ಮೂಲೇಲಿ ಒಂದು ಸಜೀವ ಗುಂಡು ಸಿಕ್ಕಿದ್ರೂ ನಮ್ಮ ಏರ್‌ಪೋರ್ಟಲ್ಲಿ ಆರ್ಮ್ಸ್ ಆಕ್ಟ್ ಕೇಸು ಬೀಳುತ್ತೆ, ಮರೆತುಹೋಗಿತ್ತು ಅಂದ್ರೆ ಅಲ್ಲಿ ಯಾರೂ ಕೇಳಲ್ಲ.

ಪ್ರಶ್ನೆ: ಅಣ್ಣಾ, ನಮ್ಮ ಮನೇಲಿ ಜಮ್ಮಾ ಕೋವಿ ಇದೆ, .22 ಕೂಡ ಇದೆ. ನಿಮ್ಮ ಹಾಗೆ ಇಲ್ಲೇ ತೋಟಾ ತುಂಬಿಕೊಳ್ಳಬಹುದಾ? ಹಂದಿ ಕಾಟ ಬೇರೆ. (ಓದುಗರು, ಸೋಮವಾರಪೇಟೆ)

ಉತ್ತರ: ಬೇಡ ತಮ್ಮಾ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಲ್ಲಿ ತಲೆತಲಾಂತರದಿಂದ ಬಂದ ಜಮೀನಿನವರು) ಲೈಸೆನ್ಸಿನಿಂದ ಇರೋ ವಿನಾಯಿತಿ ಕೋವಿ ಇಟ್ಕೊಳ್ಳೋಕೆ, ಒಯ್ಯೋಕೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನ ಮತ್ತೆ ಹತ್ತು ವರ್ಷಕ್ಕೆ, 2029ರವರೆಗೆ ಮುಂದುವರಿಸಿದೆ. ತೋಟಾ ತಯಾರು ಮಾಡೋದು ಬೇರೆಯೇ ವಿಷಯ, ಅದಕ್ಕೆ 1959ರ ಆರ್ಮ್ಸ್ ಆಕ್ಟ್ ಪ್ರಕಾರ ಪ್ರತ್ಯೇಕ ಲೈಸೆನ್ಸ್ ಬೇಕು, ವಿನಾಯಿತಿ ಅಲ್ಲಿಗೆ ಬರಲ್ಲ. ಅಜ್ಜಂದಿರ ಕಾಲದಿಂದ ಉಳಿಸ್ಕೊಂಡು ಬಂದಿರೋ ಹಕ್ಕನ್ನ ಇಂಥ ಕೆಲಸದಿಂದ ಕಳ್ಕೋಬಾರ್ದು, ನಿಮ್ಮದಷ್ಟೇ ಅಲ್ಲ, ಊರಿನದ್ದೂ ಹೋಗುತ್ತೆ. ಹಂದಿಗೂ ಹಾಗೇ, 1972ರ ವನ್ಯಜೀವಿ ಕಾಯ್ದೆ ಇದೆ, ಅರಣ್ಯ ಇಲಾಖೆ ಬರವಣಿಗೇಲಿ ಅನುಮತಿ ಕೊಡದೆ ಈಡು ಹಾಕೋ ಹಾಗಿಲ್ಲ, ಪರಿಹಾರಕ್ಕೆ ಅರ್ಜಿ ಹಾಕಿ.

ಕೈಲ್ ಪೊಳ್ದ್ (ಕೊಡಗಿನ ಆಯುಧ ಪೂಜೆ ಹಬ್ಬ) ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆಗೆ .22 ಚೆನ್ನಾಗಿ ಹೋಗ್ಬೇಕು ಅಂದ್ರೆ ದಾರಿ ಇದೆ. ಅಂಗಡೀಲಿ ಸಿಗೋ ಎರಡು ಮೂರು ಥರದ ತೋಟಾ ಒಂದೊಂದು ಡಬ್ಬಿ ತನ್ನಿ, ಡಬ್ಬಿ ಮೇಲಿನ ಲಾಟ್ ನಂಬರ್ ಬರ್ಕೊಳ್ಳಿ, ಸ್ಪರ್ಧೆ ನಡೆಯೋ ದೂರದಲ್ಲೇ ಮರಳು ಚೀಲದ ಮೇಲಿಟ್ಟು ಒಂದೊಂದರಲ್ಲಿ 10 ಈಡು ಹೊಡೀರಿ. ಯಾವುದು ಒತ್ತಾಗಿ ಬಿತ್ತೋ ಅದೇ ಲಾಟಿಂದು ನಿಮಗೆ ಅನುಮತಿ ಇರೋಷ್ಟು ತಗೊಂಡಿಡಿ. ಒಂದು ತೋಟಾದಿಂದ ಇನ್ನೊಂದಕ್ಕೆ ಹೋದಾಗ ಮೊದಲ ಐದಾರು ಈಡು ಲೆಕ್ಕಕ್ಕೆ ಹಿಡೀಬೇಡಿ, ನಳಿಗೆ ಒಳಗಿನ ಹಳೇ ಮೇಣ ಹೋಗಿ ಹೊಸದು ಕೂರ್ಬೇಕು. ಅದನ್ನ ಹೊಡೆಯೋ ಮೊದಲೇ ತೀರ್ಮಾನ ಮಾಡ್ಕೊಳ್ಳಿ, ಹಾಳೆ ನೋಡಿದ್ಮೇಲೆ ಅಲ್ಲ.

ಪ್ರಶ್ನೆ: ಬೆಳೆ ಉಳಿಸೋಕೆ ಅಂದ್ರೆ ಒಪ್ತೀನಿ, ಆದ್ರೆ ಪ್ರೇರಿ ಡಾಗ್‌ಗಳನ್ನ (ಬಯಲಲ್ಲಿ ಬಿಲ ತೋಡಿ ಗುಂಪಾಗಿರೋ ಅಳಿಲು ಜಾತಿ) ದಿನಕ್ಕೆ ನೂರಾರು ಹೊಡೆದು ಬಿಸಾಕೋದು ಯಾವ ಆಟ? ನೀವೂ ಹೊಡೀತೀರಾ? (ಓದುಗರು, ಡೆನ್ವರ್)

ಉತ್ತರ: ಹೊಡೆಯಲ್ಲಮ್ಮ. ಒಂದ್ಸಲ ಪಶ್ಚಿಮದ ಕಡೆ ಗೆಳೆಯರ ಜೊತೆ ಹೋಗಿದ್ದೆ, ಮಧ್ಯಾಹ್ನದ ಹೊತ್ತಿಗೆ ರೈಫಲ್ ಕೆಳಗಿಟ್ಟೆ, ಮತ್ತೆ ಹೋಗಿಲ್ಲ. ರೈತರ ಕಷ್ಟ ಸುಳ್ಳಲ್ಲ, ಹುಲ್ಲು ತಿಂತವೆ, ಬಿಲ ತೋಡ್ತವೆ. ಆದ್ರೆ ಆ ಬಯಲಿನ ಬದುಕೆಲ್ಲ ಅವುಗಳ ಮೇಲೇ ನಿಂತಿದೆ. ಕಪ್ಪುಗಾಲಿನ ಫೆರೆಟ್ ಅನ್ನೋ ಪ್ರಾಣಿ ಹೆಚ್ಚುಕಮ್ಮಿ ಪ್ರೇರಿ ಡಾಗನ್ನೇ ತಿಂದು ಬದುಕೋದು, ಅವು ಕಮ್ಮಿ ಆದಂತೆ ಇದೂ ನಾಶ ಆಯ್ತು ಅಂತಲೇ ಅಂದ್ಕೊಂಡಿದ್ರು, 1981ರಲ್ಲಿ ವಯೋಮಿಂಗಿನ ಮಿಟೀಟ್ಸಿ ಹತ್ತಿರ ಒಂದು ಗುಂಪು ಸಿಕ್ಕಿತು. ಸಾಲದ್ದಕ್ಕೆ ಪ್ಲೇಗ್ ಬಂದು ಇಡೀ ಕಾಲೊನಿಗಳೇ ಖಾಲಿ ಆಗ್ತವೆ. ಯೂಟಾ ಪ್ರೇರಿ ಡಾಗಿಗಂತೂ ಫೆಡರಲ್ ರಕ್ಷಣೆಯೇ ಇದೆ. ಸೀಸದ ಗುಂಡು ಚೂರಾಗಿ ಸತ್ತ ಪ್ರಾಣಿ ಮೈಯಲ್ಲಿ ಉಳಿದ್ರೆ ಅದನ್ನ ತಿನ್ನೋ ಹದ್ದುಗಳಿಗೆ ವಿಷ, ಕ್ಯಾಲಿಫೋರ್ನಿಯಾ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನ ಪೂರ್ತಿ ನಿಲ್ಲಿಸಿದೆ.

ನಾನು ಹೊಡೆಯೋದು ಗ್ರೌಂಡ್‌ಹಾಗ್ ಮಾತ್ರ, ಅದೂ ಫಾರ್ಮಿನ ಯಜಮಾನ ಕರೆದಾಗ. ಅದರ ಬಿಲದಲ್ಲಿ ಕಾಲು ಸಿಕ್ಕಿ ಮುರ್ಕೊಂಡ ಹಸು ನೋಡಿದೀನಿ. ತಾಮ್ರದ ಗುಂಡು ಹಾಕ್ತೀನಿ, ಪ್ರತಿ ಈಡಾದ್ಮೇಲೂ ನಡ್ಕೊಂಡು ಹೋಗಿ ನೋಡ್ತೀನಿ. ನನ್ನ ವರ್ಷದ ಈಡುಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಹಾಳೆ ಮೇಲೇ ಹೋಗ್ತವೆ.

ಪ್ರಶ್ನೆ: ಮಗಳು 10 ಮೀಟರ್ ಏರ್ ರೈಫಲ್ ಕಲೀತಿದಾಳೆ, ಒಂಬತ್ತನೇ ಕ್ಲಾಸು. ಸ್ಕೋರ್ ಒಂದು ಕಡೆ ನಿಂತುಬಿಟ್ಟಿದೆ. ದುಬಾರಿ ಪೆಲೆಟ್ (ಏರ್ ರೈಫಲಿನ ಸಣ್ಣ ಗುಂಡು) ತಗೊಂಡ್ರೆ ಏರುತ್ತಾ ಅಂತ ಕೋಚನ್ನ ಕೇಳಿದ್ರೆ ಬರೀ ನಗ್ತಾರೆ. (ತಾಯಿ, ಮೈಸೂರು)

ಉತ್ತರ: ಪ್ರಶ್ನೆ ಸರಿಯಾಗೇ ಇದೆ ಮೇಡಂ. ಆ ಟಾರ್ಗೆಟಲ್ಲಿ ಹತ್ತರ ಚುಕ್ಕೆ ಅಗಲ ಬರೀ ಅರ್ಧ ಮಿಲಿಮೀಟರ್, ಪೆಲೆಟ್ಟೇ ನಾಲ್ಕೂವರೆ ಮಿಲಿಮೀಟರ್. 2008ರಲ್ಲಿ ಬೀಜಿಂಗಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಈ ಚುಕ್ಕೆ ಮೇಲೇ. ಇಲ್ಲಿ ಸಣ್ಣ ವ್ಯತ್ಯಾಸಕ್ಕೂ ಪಾಯಿಂಟ್ ಹೋಗುತ್ತೆ, ಆದ್ರೆ ದುಬಾರಿ ಅನ್ನೋದೇ ಒಳ್ಳೇದಲ್ಲ, ಅವಳ ನಳಿಗೆಗೆ ಹೊಂದ್ಬೇಕು. ಪೆಲೆಟ್ ತಲೆ ಅಳತೆ 4.49, 4.50 ಅಂತ ಡಬ್ಬಿ ಮೇಲೆ ಬರೆದಿರುತ್ತೆ. ಕ್ಲಬ್ಬಲ್ಲಿ ಬೇರೆ ಮಕ್ಕಳ ಹತ್ರ ಬೇರೆ ಬೇರೆ ಬ್ಯಾಚಿನ ಪೆಲೆಟ್ ಇರುತ್ತೆ, ಐದು ಥರದ್ದು ಹತ್ತಿಪ್ಪತ್ತು ಕೇಳಿ ತಗೊಳ್ಳಿ. ರೈಫಲನ್ನ ಕೋಚ್ ಮುಂದೆಯೇ ಕ್ಲ್ಯಾಂಪಿಗೆ ಕಟ್ಟಿಸಿ, ಇಲ್ಲ ಅಂದ್ರೆ ಮರಳು ಚೀಲದ ಮೇಲೆ ಇಡ್ಸಿ, ಒಂದೊಂದು ಥರಕ್ಕೆ ಒಂದೊಂದು ಹೊಸ ಹಾಳೆ, 10 ಈಡು. ಐದೂ ಹಾಳೇಲಿ ತೂತು ಒಂದೇ ಥರ ಬಿಗಿಯಾಗಿದ್ರೆ ಪೆಲೆಟ್ ವಿಷಯ ಅಲ್ಲಿಗೆ ಬಿಡಿ, ದುಡ್ಡನ್ನ ಅವಳ ಜಾಕೆಟ್, ಶೂ ಅಳತೆ ಸರಿಮಾಡ್ಸೋಕೆ ಹಾಕಿ, ಒಂಬತ್ತನೇ ಕ್ಲಾಸಲ್ಲಿ ಮಕ್ಕಳು ಆರು ತಿಂಗಳಿಗೆ ಬೆಳೆದುಬಿಡ್ತಾರೆ, ಹಳೇ ಜಾಕೆಟ್ ಭುಜ ಹಿಡಿಯುತ್ತೆ. ಒಂದು ಹಾಳೆ ಎದ್ದು ಕಾಣೋ ಹಾಗೆ ಬೇರೆ ಇದ್ರೆ ಅದೇ ಬ್ಯಾಚಿಂದು ಐದಾರು ಡಬ್ಬಿ ತಗೊಂಡಿಡಿ.

ಬೇಕಿದ್ರೆ ಐದೂ ಹಾಳೆ ಸ್ಕ್ಯಾನ್ ಮಾಡಿ ಪತ್ರಿಕೆ ವಿಳಾಸಕ್ಕೆ ಕಳ್ಸಿ, ನಾನೂ ನೋಡ್ತೀನಿ. ಹಿಂದುಗಡೆ ಬ್ಯಾಚ್ ನಂಬರ್ ಅವಳ ಕೈಯಲ್ಲೇ ಬರೆಸಿ, ಯಾವ ತೂತಿನ ಪಕ್ಕನೂ ಏನೂ ಬರೆಯೋದು ಬೇಡ.